ಹೊಡೆಸ್ಕೋ, ಪರವಾಗಿಲ್ಲ

ಕೋಲ್ಟನ್ ಹ್ಯೂಬರ್ ಎಂಬ ಆರಡಿ ನಾಲ್ಕಂಗುಲದ ಅಮೆರಿಕದ ಹುಡುಗ ಆಸ್ಟ್ರೇಲಿಯದ ಪರ್ತ್ ನಗರದ ಸದರ್ನ್ ರಿವರ್‌ನ ಮನೆಯ ಬಾಗಿಲಲ್ಲಿ ತಲೆ ತಗ್ಗಿಸಿ ಒಳಗೆ ಬಂದ ಗಳಿಗೆಯಿಂದಲೇ ಉಮಾಕಾಂತನಿಗೆ ಅವನ ಎಡಗೈಯ ಚಿಂತೆ ಹತ್ತಿಕೊಂಡಿತು. ಹುಡುಗ ಬೇಸ್‌ಬಾಲ್ ಆಟದಲ್ಲಿ ಚೆಂಡು ಎಸೆಯುವವನು, ಎಸೆಯುವುದು ಎಡಗೈಯಲ್ಲಿ. 'ಆ ಕೈ ಅವನದಲ್ಲ, ಅಮೆರಿಕದ ದೊಡ್ಡ ತಂಡದ್ದು' ಎಂದು ಇಲ್ಲಿಯ ಕ್ಲಬ್ಬಿನ ಕೋಚ್ ಫೋನಿನಲ್ಲಿ ತಮಾಷೆ ಮಾಡಿದ್ದ. ಉಮಾಕಾಂತ ತಮಾಷೆಗಳನ್ನು ತಮಾಷೆಯಾಗಿ ತೆಗೆದುಕೊಳ್ಳುವ ಮನುಷ್ಯನಲ್ಲ.

ಹುಡುಗ ತನ್ನ ಸೂಟ್‌ಕೇಸಿಗೆ ಎಡಗೈ ಹಾಕಿದ. ಉಮಾಕಾಂತ ಹಾರಿ ಅದನ್ನು ಹಿಡಿದುಕೊಂಡ. "ನಿಧಾನ! ನಿಧಾನ!"

ಮೆಟ್ಟಿಲ ಹತ್ತಿರ ಮತ್ತೆ "ನಿಧಾನ". ಸ್ನಾನದ ಮನೆಯ ನೆಲ ಒದ್ದೆ, "ನಿಧಾನ". ಊಟಕ್ಕೆ ಕೂತಾಗ ಸಾಂಬಾರು ಬಿಸಿ, ಆಗಲೂ "ನಿಧಾನ".

"ವಾಟ್ಸ್ ನಿಧಾನ?" ಎಂದು ಕೋಲ್ಟನ್ ಮೆಲ್ಲಗೆ ಉಮಾಕಾಂತನ ಮಗಳು ತನ್ವಿಯನ್ನು ಕೇಳಿದ.

"ಸ್ಲೋ, ಕೇರ್‌ಫುಲ್. ಅಪ್ಪನ ಫೇವರಿಟ್ ವರ್ಡ್," ಎಂದಳು ತನ್ವಿ. ಹದಿನೇಳು ವರ್ಷದ ಅವಳಿಗೆ ಈ ಪದದ ಅನುಭವ ಸಾಕಷ್ಟಿತ್ತು. ಅವಳು ಕಾರು ಕಲಿಯುತ್ತಿದ್ದಳು. ಕಾರಿಗೆ ಹಳದಿ ಎಲ್ ಫಲಕ ಅಂಟಿಸಿ ತಿಂಗಳುಗಳಾಗಿದ್ದರೂ ಅಪ್ಪ ಅವಳನ್ನು ಭಾನುವಾರ ಬೆಳಿಗ್ಗೆ, ಶಾಪಿಂಗ್ ಸೆಂಟರ್ ತೆರೆಯುವ ಮುಂಚೆ, ಅದರ ಖಾಲಿ ಪಾರ್ಕಿಂಗಿನಲ್ಲಿ ಮಾತ್ರ ಓಡಿಸಲು ಬಿಡುತ್ತಿದ್ದ. ಆ ಪಾರ್ಕಿಂಗಿನ ಪ್ರತಿ ಗೆರೆಯೂ ಅವಳಿಗೆ ಬಾಯಿಪಾಠ. ಅದರಾಚೆಯ ಪರ್ತ್ ನಗರ ಅವಳಿಗೆ ಪರದೇಶ.

ಅಷ್ಟರಲ್ಲಿ ಕೋಲ್ಟನ್‌ನ ಮೊಣಕೈ ತಗಲಿ ನೀರಿನ ಲೋಟ ಬಿದ್ದು ಚೂರಾಯಿತು. ಅವನ ಮುಖ ಕೆಂಪಾಯಿತು. ಉಮಾಕಾಂತನ ಹೆಂಡತಿ ಶಾರದಾ "ಪರವಾಗಿಲ್ಲ ಬಿಡು, ಪರವಾಗಿಲ್ಲ" ಎನ್ನುತ್ತ ಪೊರಕೆ ತಂದಳು. ಹೀಗೆ ಮೊದಲ ದಿನವೇ ಹುಡುಗ ಎರಡು ಕನ್ನಡ ಪದ ಕಲಿತ.

ಅವನು ಈ ಮನೆಗೆ ಬಂದದ್ದು ಶಾರದಾಳಿಂದ. ಆಸ್ಪತ್ರೆಯಲ್ಲಿ ಅರಿವಳಿಕೆ ಡಾಕ್ಟರಾದ ಅವಳಿಗೆ ಜೊತೆಯ ಫಿಸಿಯೊ ಒಬ್ಬಳು ಹೇಳಿದ್ದಳು: ಅಮೆರಿಕದಲ್ಲಿ ಚಳಿ ಬಿದ್ದು ಆಟ ನಿಂತಾಗ ಅಲ್ಲಿಯ ದೊಡ್ಡ ತಂಡಗಳು ತಮ್ಮ ಕೆಲವು ಎಳೆಯ ಆಟಗಾರರನ್ನು ಆಸ್ಟ್ರೇಲಿಯದ ಬೇಸಿಗೆಗೆ ಕಳಿಸುತ್ತವೆ, ಕಾಯನ್ನು ಹುಲ್ಲಿನಲ್ಲಿಟ್ಟು ಮಾಗಿಸುವ ಹಾಗೆ. ಅವರು ಇಲ್ಲಿಯ ಕ್ಲಬ್ಬುಗಳಿಗೆ ಆಡುತ್ತಾರೆ, ಇಲ್ಲಿಯವರ ಮನೆಗಳಲ್ಲಿ ಇರುತ್ತಾರೆ. ಉಮಾಕಾಂತನ ಮನೆಯಲ್ಲಿ ಊರಿನಿಂದ ಅತ್ತೆ ಬಂದಾಗ ಮಾತ್ರ ಬಾಗಿಲು ತೆರೆಯುವ ಕೋಣೆಯೊಂದಿತ್ತು. ಶಾರದಾ ಹೂಂ ಎಂದುಬಿಟ್ಟಿದ್ದಳು.

"ನೀನು ಯಾವ ಮಟ್ಟದಲ್ಲಿ ಆಡ್ತೀಯಪ್ಪ?" ಎಂದು ಉಮಾಕಾಂತ ಇಂಗ್ಲಿಷಿನಲ್ಲಿ ಕೇಳಿದ.

"ಸಿಂಗಲ್ ಎ, ಸರ್."

ತನ್ವಿ ಅಡುಗೆಮನೆಯ ಕಪಾಟಿನಿಂದ ಐದು ಡಬ್ಬಿಯ ಟಿಫಿನ್ ಕ್ಯಾರಿಯರ್ ತಂದಿಟ್ಟಳು. "ನೋಡಪ್ಪ. ಟಾಪ್ ಡಬ್ಬಿ, ಟೀವೀಲಿ ಬರೋ ದೊಡ್ಡ ಟೀಮು. ಅದರ ಕೆಳಗೆ ಟ್ರಿಪಲ್ ಎ. ಆಮೇಲೆ ಡಬಲ್ ಎ. ಆಮೇಲೆ ಹೈ ಎ. ಕೊನೇದು ಸಿಂಗಲ್ ಎ. ಕೋಲ್ಟನ್ ಇಲ್ಲಿ, ಬಾಟಮ್‌ನಲ್ಲಿ. ಚೆನ್ನಾಗಿ ಆಡಿದ್ರೆ ಒಂದೊಂದೇ ಡಬ್ಬಿ ಮೇಲೆ ಕಳಿಸ್ತಾರೆ."

ಉಮಾಕಾಂತ ಕೆಳಗಿನ ಡಬ್ಬಿಯನ್ನು ಮುಟ್ಟಿ ನೋಡಿದ. "ವಯಸ್ಸು ಇಪ್ಪತ್ತೆರಡು. ಅಂದ್ರೆ ಇನ್ನೂ ಮಿಡ್ಲ್ ಸ್ಕೂಲಲ್ಲೇ ಇದಾನೆ ಪಾಪ," ಎಂದ ಕನ್ನಡದಲ್ಲಿ.

"ಇಪ್ಪತ್ತೆರಡಕ್ಕೆ ನೀವೆಲ್ಲಿದ್ರಿ?" ಎಂದಳು ಶಾರದಾ.

ಉಮಾಕಾಂತ ಡಬ್ಬಿಯಿಂದ ಕೈ ತೆಗೆದ. ಆ ವಯಸ್ಸಿಗೆ ಅವನು ಪೀಣ್ಯದ ಕಾರ್ಖಾನೆಯಲ್ಲಿ ಹಗಲೆಲ್ಲ ಲೇತ್ ಮಷೀನಿನ ಮುಂದೆ ನಿಂತು, ಸಂಜೆ ಪಾಲಿಟೆಕ್ನಿಕ್ಕಿನ ಬೆಂಚಿನಲ್ಲಿ ತೂಕಡಿಸುತ್ತಿದ್ದ. ಒಂದೊಂದು ಪರೀಕ್ಷೆಯನ್ನೂ ಹಲ್ಲು ಕಿತ್ತಂತೆ ಕಿತ್ತುಕೊಂಡು ಮೇಲೆ ಬಂದವನು. ಈಗ ಗಣಿ ಕಂಪನಿಯೊಂದರ ಆಫೀಸಿನಲ್ಲಿ, ಯಾವ ಯಂತ್ರವನ್ನು ಯಾವಾಗ ರಿಪೇರಿಗೆ ನಿಲ್ಲಿಸಬೇಕೆಂದು ಗೊತ್ತುಮಾಡುವ ಕೆಲಸ. ಪರ್ತ್‌ನ ಡಾಕ್ಟರು, ಸಾಫ್ಟ್‌ವೇರಿನವರ ನಡುವೆ ಕೂತಾಗಲೆಲ್ಲ, ಯಾರೋ ಬಂದು 'ಏಳಪ್ಪ, ಇದು ನಿನ್ನ ಕುರ್ಚಿ ಅಲ್ಲ' ಎಂದುಬಿಟ್ಟಾರೆಂಬ ಅಳುಕು ಅವನಿಗೆ ಇನ್ನೂ ಇತ್ತು. ಹಾಗಾಗಿ ಅವನು ತಪ್ಪು ಮಾಡುತ್ತಿರಲಿಲ್ಲ. ಗೊತ್ತಿಲ್ಲದ್ದಕ್ಕೆ ಕೈಹಾಕದಿರುವುದೇ ಅದಕ್ಕೆ ಅವನು ಕಂಡುಕೊಂಡ ಉಪಾಯ.

ನವೆಂಬರಿನ ಒಂದು ಸಂಜೆ ಪರ್ತ್‌ನಲ್ಲಿ ಕೋಲ್ಟನ್‌ನ ಮೊದಲ ಆಟ. ಉಮಾಕಾಂತ ನಾಲ್ಕಾರು ಕನ್ನಡ ಕುಟುಂಬಗಳನ್ನು ಪುಳಿಯೋಗರೆ ಸಮೇತ ಕರೆದುಕೊಂಡು ಹೋದ. "ಕ್ರಿಕೆಟ್ಟೇ ಅಂದ್ಕೊಳ್ಳಿ. ಚೆಂಡು ನೆಲಕ್ಕೆ ಬೀಳಲ್ಲ ಅಷ್ಟೆ," ಎಂದು ಎಲ್ಲರಿಗೂ ವಿವರಿಸಿದ.

ಕೋಲ್ಟನ್ ಎಸೆದ ಮೊದಲ ಚೆಂಡು ಸಿಡಿಗುಂಡಿನ ಹಾಗೆ ಹೋಯಿತು. ಎಲ್ಲರೂ ಆಹಾ ಎಂದರು. ಎರಡನೆಯದು ಅದೇ ಕೈ, ಅದೇ ಓಘ, ಆದರೆ ಚೆಂಡು ಮಾತ್ರ ಊಟ ಮುಗಿಸಿ ವಾಕಿಂಗ್ ಹೊರಟವರ ಹಾಗೆ ನಿಧಾನವಾಗಿ ತೇಲಿ ಬಂತು. ಬ್ಯಾಟು ಹಿಡಿದವನು ಅದನ್ನು ಬೇಲಿಯಾಚೆ ಕಳಿಸಿದ. ಮತ್ತೊಂದು ನಿಧಾನದ ಚೆಂಡು, ಮತ್ತೊಂದು ಏಟು. ಹೀಗೇ ನಡೆಯಿತು.

"ಏನ್ರೀ ಉಮಾಕಾಂತ್," ಎಂದ ಹಿಂದಿನ ಸಾಲಿನ ಸೋಮಶೇಖರ, "ನಿಮ್ಮ ಹುಡುಗ ಬಾಲ್ ಹಾಕ್ತಿದಾನೋ, ಮದುವೆ ಮನೇಲಿ ಅಕ್ಷತೆ ಹಾಕ್ತಿದಾನೋ?"

ಉಮಾಕಾಂತನಿಗೆ ನಾಚಿಕೆಯಿಂದ ಮೈ ಹಿಡಿಯಾಯಿತು. ಪಕ್ಕದಲ್ಲಿ ಕೂತ ಬಿಳಿ ಕೂದಲಿನ ಅಪರಿಚಿತ ಹೆಂಗಸಿನತ್ತ ಬಾಗಿ, "ಸಾರಿ, ಅವನು ನಮ್ಮನೆ ಹುಡುಗ. ಇವತ್ತು ಅವನ ಹೊಟ್ಟೆ ಸರಿಯಿಲ್ಲ," ಎಂದು ಕ್ಷಮೆ ಕೇಳಿದ.

"ನೋ ವರೀಸ್, ಲವ್," ಎಂದಳು ಆಕೆ.

"ಹೊಟ್ಟೆ ಸರಿಯಿಲ್ಲ ಅಂತ ಯಾಕ್ರೀ ಹೇಳಿದ್ರಿ?" ಶಾರದಾ ಅವನ ತೊಡೆ ಚಿವುಟಿದಳು. "ಬಂತಲ್ಲ ನನ್ನ ಅಡುಗೆಗೆ ಕೆಟ್ಟ ಹೆಸರು!"

ಸೋತು ಬಂದ ಹುಡುಗ ಕಾರಿನಲ್ಲಿ ಶಿಳ್ಳೆ ಹಾಕುತ್ತಿದ್ದ. ಮನೆಗೆ ಬಂದು ಏಳು ದೋಸೆ ತಿಂದ. ಉಮಾಕಾಂತನಿಗೆ ಇದು ಅರ್ಥವೇ ಆಗಲಿಲ್ಲ. ಮರುದಿನ ಸಂಜೆ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತ, ಅಲ್ಲೇ ಕೂತು ಚೆಂಡನ್ನು ಅಂಗೈಯಲ್ಲಿ ತಿರುಗಿಸುತ್ತಿದ್ದ ಹುಡುಗನನ್ನು ಮೆಲ್ಲಗೆ ವಿಚಾರಿಸಿದ.

"ನಿನ್ನ ಹತ್ತಿರ ಬ್ರಹ್ಮಾಸ್ತ್ರ ಅಂತ ಒಂದಿರತ್ತಲ್ಲ, ಅದು ಯಾವುದು?"

"ವೇಗದ್ದು, ಸರ್. ಅದನ್ನ ಹೊಡೆಯೋರು ಈ ಮಟ್ಟದಲ್ಲಿ ಕಡಿಮೆ."

"ಮತ್ತೆ ಅದನ್ನೇ ಹಾಕಬಾರದಾ?"

"ನಿಧಾನದ್ದನ್ನ ಕಲಿ ಅಂತ ಕಳಿಸಿದ್ದಾರೆ, ಸರ್. ಜನವರಿ ಮುಗಿಯೋ ಹೊತ್ತಿಗೆ ಅವರಿಗೆ ನನ್ನ ಮೇಲೆ ನಂಬಿಕೆ ಬರಬೇಕು. ಬರದಿದ್ರೆ ಬಿಟ್ಟುಬಿಡ್ತಾರೆ."

"ಬಿಡೋದು ಅಂದ್ರೆ?"

"ಮನೆಗೆ," ಎಂದ ಕೋಲ್ಟನ್. ಅಮೆರಿಕದ ಅಯೋವಾ ರಾಜ್ಯದಲ್ಲಿ ಅವನಪ್ಪನದು ಹಂದಿ ಸಾಕುವ ಫಾರ್ಮ್. ಅಣ್ಣಂದಿರಿಬ್ಬರೂ ಆಗಲೇ ಅಲ್ಲಿದ್ದರು. ಮೂರನೆಯ ಜೊತೆ ಗಂಬೂಟು ಬಾಗಿಲಲ್ಲಿ ಇವನಿಗಾಗಿ ಕಾಯುತ್ತಿತ್ತು. "ಚಿಕ್ಕವನಾಗಿದ್ದಾಗಿಂದ ನಾನು ಇದೊಂದನ್ನೇ ಮಾಡಿರೋದು, ಸರ್. ಬೇರೇನೂ ಬರಲ್ಲ."

ಹುಡುಗ ಹೇಳಿದ್ದರಲ್ಲಿ 'ಬಿಟ್ಟುಬಿಡ್ತಾರೆ' ಎಂಬುದು ಮಾತ್ರ ಉಮಾಕಾಂತನ ತಲೆಯಲ್ಲಿ ಉಳಿಯಿತು. ಮೇಲಿನವರ ಕಣ್ಣೆದುರು ದಿನಾ ಹೀಗೆ ಹೊಡೆಸಿಕೊಂಡರೆ ಯಾರು ತಾನೇ ಇಟ್ಟುಕೊಳ್ಳುತ್ತಾರೆ? ಹುಡುಗನಿಗೆ ಹೇಳುವವರು ಯಾರೂ ಇಲ್ಲ, ಹೇಳುವ ಹೊಣೆ ತನ್ನದು ಎಂದು ಅವನಿಗೆ ಅನ್ನಿಸಿತು.

ಡಿಸೆಂಬರಿನಲ್ಲಿ ತಂಡ ಬ್ರಿಸ್ಬೇನ್‌ಗೆ ಹೋಯಿತು. ಅಲ್ಲಿಯ ಕ್ಯಾಲಮ್‌ವೇಲ್‌ನಲ್ಲಿ ಉಮಾಕಾಂತನ ಸಂಜೆ ಕಾಲೇಜಿನ ಗೆಳೆಯ ವಸಂತಕುಮಾರ್ ಮನೆ ಕಟ್ಟಿಸಿದ್ದ. ಬರುತ್ತೇನೆಂದು ವರ್ಷಗಳಿಂದ ಹೇಳುತ್ತಿದ್ದ ಉಮಾಕಾಂತ ಇದ್ದಕ್ಕಿದ್ದಂತೆ ರಜೆ ಹಾಕಿ ಬಂದಿಳಿದ. ಆಟದ ದಿನ ವಸಂತಕುಮಾರನೊಡನೆ ಮೈದಾನಕ್ಕೆ ಬೇಗ ಹೋಗಿ, ತಂತಿ ಬೇಲಿಯ ಹತ್ತಿರ ಕೋಲ್ಟನ್‌ನನ್ನು ಕರೆದ.

"ನೋಡಪ್ಪ, ಗೊತ್ತಿಲ್ಲದ್ದನ್ನ ಮನೇಲಿ ಕಲೀಬೇಕು. ಪರೀಕ್ಷೇಲಿ ಗೊತ್ತಿರೋದನ್ನ ಬರೀಬೇಕು. ನಾನು ಹಾಗೇ ಪಾಸಾಗಿ ಪಾಸಾಗಿ ಇಲ್ಲಿಗೆ ಬಂದೆ."

"ಆದ್ರೆ ಕೋಚು, ಸರ್..."

"ಗೆದ್ದೋನನ್ನ ಯಾರೂ ಬೇಡ ಅನ್ನಲ್ಲ ಕಣೋ."

ಹುಡುಗ ಹಿರಿಯರ ಮಾತು ಮೀರದ ಮನೆಯಿಂದ ಬಂದವನು. ತಲೆಯಾಡಿಸಿ ಹೋದ.

"ಲೋ ಉಮಾ," ಎಂದ ವಸಂತಕುಮಾರ್ ಮೆಲ್ಲಗೆ, "ಥರ್ಮೋಡೈನಮಿಕ್ಸ್ ಪೇಪರ್ ದಿನ ನಂಗೂ ಇದನ್ನೇ ಹೇಳಿದ್ದೆ. ಫೇಲಾದೆ."

"ನಿಂಗೆ ಗೊತ್ತಿದ್ದುದೇ ಏನೂ ಇರಲಿಲ್ಲವಲ್ಲೋ!"

ಅಂದು ಕೋಲ್ಟನ್ ಸಿಡಿಗುಂಡುಗಳನ್ನಷ್ಟೇ ಎಸೆದ. ಬ್ರಿಸ್ಬೇನಿನವರು ಬ್ಯಾಟು ಬೀಸಿ ಬೀಸಿ ಸೊಳ್ಳೆ ಓಡಿಸಿದರೇ ಹೊರತು ಚೆಂಡು ಮುಟ್ಟಲಿಲ್ಲ. ಪರ್ತ್ ಗೆದ್ದಿತು. ಕ್ಯಾಲಮ್‌ವೇಲ್‌ನ ಹಿತ್ತಲಲ್ಲಿ ಬಾರ್ಬೆಕ್ಯೂ ಒಲೆ ಹಚ್ಚಿ, ಒಂದು ಕಡೆ ಸಾಸೇಜು, ಒಂದು ಕಡೆ ಬದನೆಕಾಯಿ ಸುಡುತ್ತ, ವಸಂತಕುಮಾರ್ ಅಕ್ಕಪಕ್ಕದವರಿಗೆಲ್ಲ "ಇವನೇ ಆ ಹುಡುಗನ ಗುರು" ಎಂದು ಪರಿಚಯಿಸಿದ.

"ಛೆ ಛೆ, ನಾನೇನು ಮಾಡಿದೆ, ಎರಡು ಮಾತು ಹೇಳಿದೆ ಅಷ್ಟೆ," ಎಂದ ಉಮಾಕಾಂತ. ಬದುಕಿನಲ್ಲಿ ಮೊದಲ ಸಲ ಕುರ್ಚಿಯಲ್ಲಿ ಪೂರ್ತಿ ಹಿಂದಕ್ಕೆ ಒರಗಿ ಕೂತಿದ್ದ.

ಪರ್ತ್‌ಗೆ ಮರಳಿದ ಮೇಲೆ ಕೋಲ್ಟನ್ ಎರಡೇ ದೋಸೆಗೆ ತಟ್ಟೆ ತಳ್ಳಿದ.

"ಏನಾಯ್ತೋ?" ಶಾರದಾ ಡಾಕ್ಟರ್ ದನಿಯಲ್ಲಿ ಕೇಳುತ್ತ ಅವನ ಹಣೆ ಮುಟ್ಟಿ ನೋಡಿದಳು.

ಅಮೆರಿಕದಿಂದ ಫೋನ್ ಬಂದಿತ್ತು. ಹುಡುಗ ಇಲ್ಲಿ ಎಸೆಯುವ ಪ್ರತಿ ಚೆಂಡಿನ ವೇಗವೂ ತಿರುವೂ ಅಲ್ಲಿ ಕಂಪ್ಯೂಟರಿಗೆ ಹೋಗುತ್ತದೆ. ಗೆದ್ದದ್ದರ ಬಗ್ಗೆ ಯಾರೂ ಒಂದು ಮಾತೂ ಕೇಳಲಿಲ್ಲ. ನಿಧಾನದ ಚೆಂಡು ಎಲ್ಲಿ ಎಂದು ಕೇಳಿದರು. ಜನವರಿಯಲ್ಲಿ ಅಡಿಲೇಡ್‌ನಲ್ಲಿ ಅವನ ಕೊನೆಯ ಆಟ, ಅದನ್ನು ನೋಡಲು ಅಮೆರಿಕದಿಂದಲೇ ಒಬ್ಬರು ಬರುತ್ತಾರೆ. ಅಲ್ಲೂ ಇದೇ ಹಾಡಾದರೆ ಮುಂದಿನ ತರಬೇತಿಗೆ ಬರುವ ಅಗತ್ಯವಿಲ್ಲ.

ಯಾರ ಮಾತು ಕೇಳಿ ಹಾಗೆ ಮಾಡಿದೆನೆಂದು ಹುಡುಗ ಯಾರಿಗೂ ಹೇಳಿರಲಿಲ್ಲ. ಅದು ಉಮಾಕಾಂತನನ್ನು ಇನ್ನಷ್ಟು ಚುಚ್ಚಿತು. ಮರುದಿನ ಆಫೀಸಿನಿಂದ ನೇರ ಮೈದಾನಕ್ಕೆ ಹೋಗಿ, ಬಕೆಟ್ಟಿಗೆ ಚೆಂಡು ತುಂಬುತ್ತಿದ್ದ ಕೋಚ್ ಗ್ರಾಂಟ್‌ನ ಮುಂದೆ ನಿಂತ.

"ಬ್ರಿಸ್ಬೇನ್‌ನಲ್ಲಿ ಅವನಿಗೆ ಹಾಗೆ ಎಸಿ ಅಂತ ಹೇಳಿದ್ದು ನಾನು."

"ನೀವು ಯಾರು, ಮೇಟ್?"

"ಅವನಿಗೆ ಊಟ ಹಾಕೋನು."

ಗ್ರಾಂಟ್ ಬಕೆಟ್ ಕೆಳಗಿಟ್ಟ. "ನಮ್ಮಲ್ಲಿ ಬ್ಯಾಟಿಂಗ್ ಕೋಚ್ ಇದ್ದಾನೆ, ಎಸೆಯೋದು ಕಲಿಸೋಕೆ ಪಿಚಿಂಗ್ ಕೋಚ್ ನಾನಿದ್ದೇನೆ. ಸಾಂಬಾರ್ ಕೋಚ್ ಒಬ್ಬ ಇದ್ದಾನೆ ಅಂತ ಗೊತ್ತಿರಲಿಲ್ಲ." ಆಮೇಲೆ ಉಮಾಕಾಂತನ ಮುಖ ನೋಡಿ ಅವನ ದನಿ ಸ್ವಲ್ಪ ತಗ್ಗಿತು. "ಕೇಳಿ. ಬರೀ ವೇಗದಿಂದ ಅವನು ಈ ಮಟ್ಟದಲ್ಲಿ ದಿನಾ ಗೆಲ್ಲಬಹುದು. ಎರಡು ಮೆಟ್ಟಿಲು ಮೇಲೆ ಹೋದರೆ ಅಲ್ಲಿರುವವರು ವೇಗವನ್ನ ಬೆಳಗಿನ ತಿಂಡಿಗೆ ತಿಂತಾರೆ. ಅವರಿಗೆ ವೇಗ ಬರುತ್ತೆ ಅನ್ನಿಸಿ ನಿಧಾನ ಬರಬೇಕು. ಅದನ್ನ ಕಲಿಯೋಕೆ ನೂರಾರು ಸಲ ಹೊಡೆಸಿಕೊಳ್ಳಬೇಕು. ಹೊಡೆಸಿಕೊಳ್ಳಲಿ ಅಂತಲೇ ಅವನನ್ನ ಇಲ್ಲಿಗೆ ಕಳಿಸಿರೋದು."

ಉಮಾಕಾಂತ ಮೈದಾನವನ್ನು ನೋಡಿದ. ಕತ್ತರಿಸಿಟ್ಟ ಹುಲ್ಲು, ಎಳೆದ ಸುಣ್ಣದ ಗೆರೆ, ನಾಲ್ಕೂ ಕಡೆ ದೀಪದ ಕಂಬ. ತಪ್ಪು ಮಾಡಲೆಂದೇ ಇಷ್ಟೆಲ್ಲ ಏರ್ಪಾಡು! ವಿಮಾನದ ಟಿಕೆಟ್ಟು ಕೊಟ್ಟು ತಪ್ಪು ಮಾಡಲು ಕಳಿಸುವವರೂ ಲೋಕದಲ್ಲಿದ್ದಾರೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಪಾಲಿಟೆಕ್ನಿಕ್ಕಿನ ಬೆಂಚು ಒಮ್ಮೆ ಕಣ್ಣ ಮುಂದೆ ಬಂದು ಹೋಯಿತು.

"ಈಗ ಕಷ್ಟ ಏನಂದ್ರೆ," ಎಂದ ಗ್ರಾಂಟ್, "ಹುಡುಗ ಗೆಲುವಿನ ರುಚಿ ನೋಡಿಬಿಟ್ಟ. ಇನ್ನು ಸೋಲೋಕೆ ಹೆದರ್ತಾನೆ. ನೀವು ಇನ್ನು ಮೇಲೆ ಬರೀ ಊಟ ಹಾಕಿ."

ಜನವರಿಯಲ್ಲಿ ಉಮಾಕಾಂತ ಅಡಿಲೇಡ್‌ಗೂ ಹೊರಟಾಗ ಶಾರದಾ ಹಣೆ ಚಚ್ಚಿಕೊಂಡಳು. "ಬೇಡ ಕಣ್ರೀ. ಮತ್ತೆ ಬಾಯಿ ಬಿಡ್ತೀರ."

"ಬಾಯಿ ಮುಚ್ಕೊಂಡು ಕೂತಿರ್ತೀನಿ. ಒಂದು ಅಕ್ಷರ ಆಡಲ್ಲ."

"ತನ್ವಿ, ನೀನೂ ಹೋಗೇ. ಅಪ್ಪನ ಬಾಯಿ ನೋಡ್ಕೋ."

ಅಡಿಲೇಡ್‌ನ ಆ ಮಧ್ಯಾಹ್ನ ಕಾವಲಿಯ ಹಾಗೆ ಕಾದಿತ್ತು. ಬ್ಯಾಟು ಹಿಡಿದವನ ಹಿಂದಿನ ಸಾಲಿನಲ್ಲಿ ಹುಲ್ಲಿನ ಟೋಪಿಯ ದಪ್ಪ ಮನುಷ್ಯನೊಬ್ಬ ಕೂತಿದ್ದ. ಅವನೇ ಅಮೆರಿಕದವನು. ಕೋಲ್ಟನ್ ಎಸೆಯಲು ಬಂದ. ಸಿಡಿಗುಂಡು, ಮತ್ತೊಂದು ಸಿಡಿಗುಂಡು. ಚೆಂಡು ಹಿಡಿಯುವವನು ಕುಕ್ಕರುಗಾಲಲ್ಲಿ ಕೂತು ಬೆರಳಿನ ಸನ್ನೆಯಿಂದ ನಿಧಾನದ್ದು ಕೇಳಿದರೆ ಹುಡುಗ ಅಡ್ಡಡ್ಡ ತಲೆಯಾಡಿಸಿದ. ಮತ್ತೆ ಸಿಡಿಗುಂಡು. ಜನ ಚಪ್ಪಾಳೆ ತಟ್ಟಿದರು. ಟೋಪಿಯ ಮನುಷ್ಯ ತಟ್ಟಲಿಲ್ಲ.

"ಅಪ್ಪಾ, ಎಲ್ಲಾ ಫಾಸ್ಟೇ ಹಾಕ್ತಿದಾನೆ," ಎಂದಳು ತನ್ವಿ ಸ್ಕೋರ್‌ಬೋರ್ಡ್ ನೋಡುತ್ತ. "ದಿಸ್ ಈಸ್ ಬ್ಯಾಡ್."

ಮೂರನೆಯ ಸರದಿಗೆ ಬಂದ ಕೋಲ್ಟನ್ ಚೆಂಡು ಒರೆಸುತ್ತ ಜನರ ಕಡೆ ತಿರುಗಿ, ಉಮಾಕಾಂತನನ್ನು ಹುಡುಕಿ, ಸಣ್ಣಗೆ ನಕ್ಕ. ನೋಡಿ ಸರ್, ಗೊತ್ತಿರುವುದನ್ನೇ ಬರೆಯುತ್ತಿದ್ದೇನೆ ಎನ್ನುವ ಹಾಗೆ. ಆ ನಗೆ ನೋಡಿ ಉಮಾಕಾಂತನಿಗೆ ಕೂತಲ್ಲಿ ಕೂರಲಾಗಲಿಲ್ಲ. ಅಯೋವಾದ ಬಾಗಿಲಲ್ಲಿ ಕಾಯುವ ಆ ಗಂಬೂಟುಗಳೊಳಗೆ ಹುಡುಗನನ್ನು ತಾನೇ ಕಾಲಿಡಿಸುತ್ತಿದ್ದೇನೆ ಎನ್ನಿಸಿತು. ಮೀಟಿಂಗಿನಲ್ಲಿ 'ಎಕ್ಸ್‌ಕ್ಯೂಸ್ ಮಿ' ಎನ್ನಲೂ ಕೈಯೆತ್ತಿ ಅನುಮತಿ ಕೇಳುತ್ತಿದ್ದ ಮನುಷ್ಯ ಬೆಂಚಿನ ಮೇಲೆ ಹತ್ತಿ ನಿಂತ.

"ಕೋಲ್ಟನ್! ನಿಧಾನ! ನಿಧಾನ ಕಣೋ! ಹೊಡೆಸ್ಕೋ! ಹೊಡೆಸ್ಕೋ, ಪರವಾಗಿಲ್ಲ!"

ಮೈದಾನವೆಲ್ಲ ಅವನತ್ತ ತಿರುಗಿತು. ತನ್ವಿ ಟೋಪಿಯನ್ನು ಮೂಗಿನವರೆಗೆ ಎಳೆದುಕೊಂಡಳು. ಏನು ಕೂಗಿದನೆಂದು ಅಡಿಲೇಡಿನವರಿಗೂ ತಿಳಿಯಲಿಲ್ಲ, ಪರ್ತಿನವರಿಗೂ ತಿಳಿಯಲಿಲ್ಲ. ಕೋಲ್ಟನ್‌ಗೂ ನಡುವಿನ ಮಾತು ತಿಳಿಯಲಿಲ್ಲ. ಆದರೆ ಅವನಿಗೆ ಗೊತ್ತಿದ್ದ ಎರಡು ಪದ ಎರಡು ತುದಿಯಲ್ಲೂ ಇದ್ದವು. ಅವನು ಒಂದು ಗಳಿಗೆ ನಿಂತ. ಚೆಂಡನ್ನು ಅಂಗೈಯ ಒಳಕ್ಕೆ ಒತ್ತಿ ಹಿಡಿದು, ಅದೇ ಓಘದಲ್ಲಿ ತೋಳು ಬೀಸಿದ.

ಚೆಂಡು ತೇಲುತ್ತ ಬಂತು. ಬ್ಯಾಟಿನವನು ಅದನ್ನು ಬೇಲಿಯಾಚೆಯ ಕಾರುಗಳ ನಡುವೆ ಕಳಿಸಿದ.

"ಶಭಾಶ್!" ಉಮಾಕಾಂತ ಚಪ್ಪಾಳೆ ತಟ್ಟಿದ.

ಪರ್ತ್‌ನ ಅಂಗಿ ತೊಟ್ಟ ಒಬ್ಬ ಹಿಂತಿರುಗಿ ನೋಡಿದ. "ಮೇಟ್, ನೀನು ಯಾರ ಕಡೆ?"

"ನಿಮ್ಮ ಕಡೆಯೇ," ಎಂದ ಉಮಾಕಾಂತ. ಮತ್ತೊಂದು ನಿಧಾನದ ಚೆಂಡು, ಮತ್ತೊಂದು ಏಟು. ಮತ್ತೆ ಚಪ್ಪಾಳೆ. ಅಡಿಲೇಡಿನ ಬೆಂಬಲಿಗನೊಬ್ಬ ಅಕ್ಕರೆಯಿಂದ ತನ್ನ ಚಿಪ್ಸಿನ ಪೊಟ್ಟಣವನ್ನು ಅವನತ್ತ ಚಾಚಿದ.

ಆಮೇಲಿನ ಬ್ಯಾಟುಗಾರ ಗಡವ ಆಳು. ಸಿಡಿಗುಂಡೊಂದು ಅವನ ಎದೆಯ ಮುಂದೆ ಹಾದುಹೋಯಿತು. ಎರಡನೆಯದೂ ಹಾಗೇ ಬರುತ್ತದೆಂದು ಮೈಯೆಲ್ಲ ಕೂಡಿಸಿ ಬೀಸಿದ. ಚೆಂಡು ಇನ್ನೂ ಬಂದೇ ಇರಲಿಲ್ಲ. ಬೀಸಿದ ರಭಸಕ್ಕೆ ಗಿರಕಿ ಹೊಡೆದು ಮೊಣಕಾಲೂರಿದ. ಅವನು ಎದ್ದು ಧೂಳು ಕೊಡವಿಕೊಳ್ಳುವಷ್ಟರಲ್ಲಿ ಟೋಪಿಯ ಮನುಷ್ಯ ಟೋಪಿಯನ್ನು ಹಣೆಯ ಮೇಲಕ್ಕೆ ಸರಿಸಿ ಮುಂದಕ್ಕೆ ಬಾಗಿ ಕೂತಿದ್ದ.

ಪರ್ತ್ ಹೀನಾಯವಾಗಿ ಸೋತಿತು. ಕೂಗಿ ಕೂಗಿ ಉಮಾಕಾಂತನ ದನಿ ಕೂತುಹೋಗಿತ್ತು. ಟೋಪಿಯ ಮನುಷ್ಯ ಕೋಲ್ಟನ್‌ನ ಕೈ ಕುಲುಕಿ 'ಫೋನ್ ಮಾಡುತ್ತೇವೆ' ಎಂದಷ್ಟೇ ಹೇಳಿ ಹೋದ.

ಹುಡುಗ ಅಮೆರಿಕಕ್ಕೆ ಹೊರಡುವ ದಿನದವರೆಗೂ ಫೋನ್ ಬರಲಿಲ್ಲ. ಆ ದಿನ ಶಾರದಾ ಚಟ್ನಿಪುಡಿ ಕಟ್ಟಿಕೊಟ್ಟಳು. ಉಮಾಕಾಂತ ಕಾರಿನ ಹತ್ತಿರ ಒಂದು ಕ್ಷಣ ತಡೆದು, ಕೀಲಿಯನ್ನು ತನ್ವಿಯ ಕೈಗಿಟ್ಟ.

"ಏರ್‌ಪೋರ್ಟ್‌ಗಾ? ಹೈವೇನಲ್ಲಿ? ಅಪ್ಪಾ, ಸೀರಿಯಸ್ಲಿ?"

"ಹೂಂ. ಹತ್ತು ಬೇಗ, ನನ್ನ ಮನಸ್ಸು ಬದಲಾಗೋದ್ರೊಳಗೆ."

"ಇವತ್ತು ಸೂರ್ಯ ಯಾವ ಕಡೆ ಹುಟ್ಟಿದ್ನೋ," ಎಂದಳು ಶಾರದಾ.

ಹೈವೇಯಲ್ಲಿ ಲಾರಿಗಳು ಗೋಡೆಗಳ ಹಾಗೆ ಪಕ್ಕದಲ್ಲೇ ಓಡುತ್ತಿದ್ದವು. ತನ್ವಿಯ ಪಕ್ಕ ಕೂತ ಉಮಾಕಾಂತನ ಬಲಗಾಲು ಇಲ್ಲದ ಬ್ರೇಕನ್ನು ಒತ್ತಿ ಒತ್ತಿ ಮರಗಟ್ಟಿತ್ತು. ಆದರೆ ಅವನು ಬಾಯಿ ಬಿಡಲಿಲ್ಲ. ಆಗ ಹಿಂದಿನ ಸೀಟಿನಲ್ಲಿ ಫೋನ್ ಬಡಿದುಕೊಂಡಿತು. ಕೋಲ್ಟನ್ "ಯೆಸ್ ಸರ್, ಯೆಸ್ ಸರ್" ಎಂದು ಹಲವು ಸಲ ಹೇಳಿ ಫೋನ್ ಇಟ್ಟ.

"ಇಟ್ಟುಕೊಂಡರು, ಸರ್!" ಎಂದ ಕೋಲ್ಟನ್. "ಸಿಂಗಲ್ ಎ. ಇನ್ನೊಂದು ವರ್ಷ."

"ಮತ್ತೆ ಅದೇ ಕ್ಲಾಸಾ?"

"ಅದೇ ಕ್ಲಾಸು, ಸರ್."

ಉಮಾಕಾಂತ ಸೀಟು ಬೆಲ್ಟಿನಲ್ಲಿ ಸಾಧ್ಯವಾದಷ್ಟು ತಿರುಗಿ, ಹುಡುಗನ ಬಲಗೈಯನ್ನೇ ಹುಡುಕಿ ಹಿಡಿದು ಕುಲುಕಿದ. ಅದೇ ಕ್ಲಾಸಿನಲ್ಲಿ ಕೂತವನನ್ನು ಅಭಿನಂದಿಸುತ್ತ ತನ್ನ ಕಣ್ಣೇಕೆ ಒದ್ದೆಯಾಗಿದೆ ಎಂದು ಅವನಿಗೇ ತಿಳಿಯಲಿಲ್ಲ. ಮುಂದೆ ತಿರುಗುವಷ್ಟರಲ್ಲಿ ಏರ್‌ಪೋರ್ಟಿನ ಬಾಣದ ಗುರುತಿದ್ದ ದೊಡ್ಡ ಫಲಕವೊಂದು ಎಡಕ್ಕೆ ಸರಿದು ಹಿಂದೆ ಹೋಯಿತು.

"ಅಪ್ಪಾ," ಎಂದಳು ತನ್ವಿ ಸಣ್ಣ ದನಿಯಲ್ಲಿ, "ಐ ಮಿಸ್ಡ್ ದಿ ಎಕ್ಸಿಟ್."

ಉಮಾಕಾಂತನ ಬಾಯಿ ತೆರೆಯಿತು. ಅಷ್ಟರಲ್ಲಿ ಹಿಂದಿನ ಸೀಟಿನಿಂದ, ಅಯೋವಾದ ನಾಲಿಗೆಯಲ್ಲಿ ಎಳೆದೆಳೆದು, ಒಂದು ಕನ್ನಡ ಪದ ಬಂತು.

"ಪರವಾಗಿಲ್ಲ."

ಉಮಾಕಾಂತ ಬಾಯಿ ಮುಚ್ಚಿದ. ಬಲಗಾಲನ್ನು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡ. "ಹೋಗಮ್ಮ, ಮುಂದೆ ಎಲ್ಲಾದರೂ ತಿರುಗಿಸಿದರಾಯ್ತು," ಎಂದ. ವಿಮಾನಕ್ಕೆ ಬೇಕಾದಷ್ಟು ಹೊತ್ತಿತ್ತು. ಯಾವುದಕ್ಕೂ ಇರಲಿ ಎಂದು ಅವನು ಎಲ್ಲರನ್ನೂ ಬೆಳಿಗ್ಗೆಯೇ ಹೊರಡಿಸಿದ್ದ.